ಮೈಕ್ ಎಲ್ಲಿ ನಿಲ್ಲಬೇಕು?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಹಳ್ಳಿಗಳಲ್ಲಿ ಈಚೆಗೆ ಹಬ್ಬ ಬಂತೆಂದರೆ ವಳ್ಳಿ ಕುಮ್ಮಿಗೆ ಎಲ್ಲಿಲ್ಲದ ಬೇಡಿಕೆ. ಮುರುಗನೂ ವಳ್ಳಿಯೂ ಕೂಡಿದ ಕಥೆಯನ್ನು ಹಾಡುತ್ತ, ಸುತ್ತುಗಟ್ಟಿ, ಎಲ್ಲರೂ ಒಂದೇ ಹೆಜ್ಜೆಗೆ ಕುಣಿಯುವ ಕೊಂಗುನಾಡಿನ ಕಲೆ ಇದು. ಒಂದು ಕಾಲಕ್ಕೆ ಗಂಡಸರಷ್ಟೇ ಆಡುತ್ತಿದ್ದ ಈ ಕುಣಿತಕ್ಕೆ ಹೆಣ್ಣುಮಕ್ಕಳನ್ನೂ ಕರೆತಂದ ಕೊಯಮತ್ತೂರು ಜಿಲ್ಲೆಯ ಹಿರಿಯ ಕಲಾವಿದ ಎಂ. ಭದ್ರಪ್ಪನ್ ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು. ಈಗ ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಹುಡುಗಿಯವರೆಗೆ ಒಂದೇ ಬಣ್ಣದ ಸೀರೆ ಉಟ್ಟು ಬಯಲಿಗಿಳಿಯುತ್ತಾರೆ. ಹಾಡು ಹೇಳಿಕೊಡುವ ಗುರು ಮೈಕ್ ಹಿಡಿದು ನಡುವೆ ನಿಲ್ಲುತ್ತಾರೆ.

ತೊಂದರೆ ಶುರುವಾಗುವುದೂ ಅಲ್ಲಿಯೇ. ಬಯಲಿನ ನಾಲ್ಕು ಮೂಲೆಗೂ ಸ್ಪೀಕರ್ ಇಟ್ಟು, ಅವುಗಳ ಬಾಯನ್ನು ಒಳಗೆ, ಕುಣಿಯುವವರ ಕಡೆಗೆ ತಿರುಗಿಸಿರುತ್ತಾರೆ. ಹಾಡುವವರು ನಾಲ್ಕರ ನಟ್ಟನಡುವೆ. ಪಲ್ಲವಿ ಎತ್ತಿಕೊಳ್ಳುತ್ತಿದ್ದಂತೆ ಮೈಕ್ ಕುಂಯ್ ಎಂದು ಕೂಗುತ್ತದೆ. ಮೈಕ್‌ಸೆಟ್‌ನವರು ಓಡಿಹೋಗಿ ವಾಲ್ಯೂಮ್ ಇಳಿಸುತ್ತಾರೆ. ಕೂಗೂ ಹೋಯಿತು, ಹಾಡೂ ಹೋಯಿತು. ಕೇಳಿಸುತ್ತಿಲ್ಲ ಎಂದು ಜನ ಕೈಯೆತ್ತುತ್ತಾರೆ. ಏರಿಸಿದರೆ ಮತ್ತೆ ಕುಂಯ್. ರಾತ್ರಿಯಿಡೀ ಇದೇ ಹಗ್ಗಜಗ್ಗಾಟ.

ನಾನು ಹೇಳಬೇಕೆಂದಿರುವುದು ಇಷ್ಟು: ಈ ಹಗ್ಗಜಗ್ಗಾಟವನ್ನು ವಾಲ್ಯೂಮಿನ ತಿರುಪಿನಲ್ಲಿ ಗೆಲ್ಲಲಾಗದು. ಬಾಯಿ, ಮೈಕ್, ಸ್ಪೀಕರ್ ಈ ಮೂರನ್ನು ಎಲ್ಲೆಲ್ಲಿ, ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದೇವೆ ಎಂಬುದರಲ್ಲೇ ಸೋಲು ಗೆಲುವು ತೀರ್ಮಾನವಾಗಿಬಿಟ್ಟಿರುತ್ತದೆ. ದುಬಾರಿ ಯಂತ್ರ ತಂದರೂ ಈ ತೀರ್ಮಾನ ಬದಲಾಗುವುದಿಲ್ಲ.

ಕೂಗು ಹುಟ್ಟುವ ಬಗೆ ಸರಳ. ಬಾಯಿಂದ ಹೊರಟ ದನಿ ಮೈಕಿಗೆ ಬೀಳುತ್ತದೆ, ಆಂಪ್ಲಿಫೈಯರಿನಲ್ಲಿ ಬಲ ಪಡೆಯುತ್ತದೆ, ಸ್ಪೀಕರಿನಿಂದ ಹೊರಬರುತ್ತದೆ. ಹಾಗೆ ಹೊರಬಂದದ್ದರಲ್ಲಿ ಒಂದು ಪಾಲು ಗಾಳಿಯಲ್ಲಿ ಹಾದು ಅದೇ ಮೈಕಿಗೆ ಮರಳುತ್ತದೆ. ಮರಳಿದ್ದು ಮೊದಲಿನದಕ್ಕಿಂತ ಕಡಿಮೆಯಿದ್ದರೆ ಸುತ್ತು ಸುತ್ತಿಗೂ ಸವೆದು ಇಲ್ಲವಾಗುತ್ತದೆ. ಹೆಚ್ಚಿದ್ದರೆ ಚಕ್ರಬಡ್ಡಿಯ ಸಾಲದ ಹಾಗೆ ಬೆಳೆಯುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ಸ್ಪೀಕರ್ 10 ಮೀಟರ್ ದೂರವಿದ್ದರೆ ಒಂದೇ ಸೆಕೆಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ಸುತ್ತು ಮುಗಿಯುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪಿಸುದನಿ ಕಿರುಚಾಟವಾಗುವುದು ಹೀಗೆ.

ಕೂಗು ಒಂದೇ ಸ್ವರದಲ್ಲಿ ಕೇಳಿಸುವುದಕ್ಕೂ ಕಾರಣವಿದೆ. ಮೈಕ್, ಸ್ಪೀಕರ್, ಗೋಡೆ, ನೆಲ ಎಲ್ಲ ಸೇರಿ ಕೆಲವು ಸ್ವರಗಳನ್ನು ಹೆಚ್ಚು ಎತ್ತುತ್ತವೆ, ಕೆಲವನ್ನು ಕಡಿಮೆ. ಅವುಗಳಲ್ಲಿ ಎಲ್ಲಕ್ಕಿಂತ ಬಲವಾಗಿ ಮರಳುವ, ಮರಳಿದ ಅಲೆ ಹೊಸ ಅಲೆಯ ಜೊತೆ ಸರಿಯಾಗಿ ಕೂಡಿಕೊಳ್ಳುವ ಸ್ವರ ಯಾವುದೋ ಅದು ಮೊದಲು ಕೂಗುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಇದನ್ನು ಅಭ್ಯಾಸ ಮಾಡಿದ್ದರಿಂದ ಯುರೋಪಿನಲ್ಲಿ ಇದಕ್ಕೆ ಅವರದೇ ಹೆಸರಿದೆ. ಧ್ವನಿವರ್ಧಕದ ಆರಂಭದಿಂದಲೂ ಇದು ಅದರ ಬೆನ್ನಿಗಿದೆ. 1915ರಲ್ಲಿ ಅಮೆರಿಕದ ಪ್ರಿಡಮ್ ಮತ್ತು ಜೆನ್ಸನ್ ಸಾರ್ವಜನಿಕರ ಮುಂದೆ ಧ್ವನಿವರ್ಧಕ ಹಚ್ಚಿ ತೋರಿಸಿದ ದಿನಗಳಿಂದ ಇಂದಿನ ಡಿಜಿಟಲ್ ಮಿಕ್ಸರ್‌ವರೆಗೆ ಉಪಕರಣಗಳೆಲ್ಲ ಬದಲಾಗಿವೆ. ಈ ಸುತ್ತು ಮಾತ್ರ ಹಾಗೇ ಇದೆ.

ಸುತ್ತನ್ನು ಮುರಿಯುವ ಮೊದಲ ಉಪಾಯ ದೂರದ್ದು. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧ ಮಾಡಿದಾಗಲೆಲ್ಲ ಮೈಕಿಗೆ ಬೀಳುವ ದನಿ 6 ಡೆಸಿಬೆಲ್ ಏರುತ್ತದೆ. 60 ಸೆಂಟಿಮೀಟರನ್ನು 30ಕ್ಕೆ, 30ನ್ನು 15ಕ್ಕೆ, 15ನ್ನು ಏಳೂವರೆಗೆ ತಂದರೆ ಒಟ್ಟು 18 ಡೆಸಿಬೆಲ್ ಲಾಭ. ಇದೇ ಲಾಭವನ್ನು ಆಂಪ್ಲಿಫೈಯರಿನಿಂದ ಪಡೆಯಬೇಕಾದರೆ 100 ವಾಟಿನ ಜಾಗದಲ್ಲಿ 6,300 ವಾಟ್ ಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಾಡುವವರು ಮೈಕಿನ ಹತ್ತಿರ ಬಂದಾಗ ಅವರ ದನಿಯಷ್ಟೇ ಏರುತ್ತದೆ. ಸ್ಪೀಕರ್ ಇದ್ದಲ್ಲೇ ಇರುವುದರಿಂದ ಅದರಿಂದ ಮರಳುವ ಪಾಲು ಏರುವುದಿಲ್ಲ. ಆಂಪ್ಲಿಫೈಯರ್ ಏರಿಸಿದರೆ ಎರಡೂ ಏರುತ್ತವೆ, ಕೂಗು ಹತ್ತಿರವಾಗುತ್ತದೆ. ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಂತು ಹಾಡುವ ಅಭ್ಯಾಸ ಯಾವ ಯಂತ್ರಕ್ಕಿಂತಲೂ ದೊಡ್ಡದು ಎನ್ನುವುದು ಈ ಲೆಕ್ಕದಿಂದ.

ದೂರದ ಮೈಕಿನ ಆಸೆ ನಮಗೆ ಬಂದಿರುವುದು ಸಿನಿಮಾದಿಂದ ಇರಬಹುದು. ಕೊಯಮತ್ತೂರಿಗೆ ಸಿನಿಮಾ ಹೊಸದಲ್ಲ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ ಈ ಊರಿನಲ್ಲಿತ್ತು. ಅಂಥ ಸ್ಟುಡಿಯೋಗಳಲ್ಲಿ ಮೈಕನ್ನು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ನಟರ ತಲೆಯ ಮೇಲೆ ತೂಗುಬಿಡುತ್ತಿದ್ದರು. ಅದು ಕೂಗುತ್ತಿರಲಿಲ್ಲ, ಮಾತು ಮುದ್ರಣವಾಗುವ ಹೊತ್ತಿನಲ್ಲಿ ಅಲ್ಲಿ ಯಾವ ಸ್ಪೀಕರೂ ಹಾಡುತ್ತಿರಲಿಲ್ಲ. ಸುತ್ತೇ ಇಲ್ಲದ ಕಡೆ ಮೈಕ್ ಎಷ್ಟು ದೂರವಿದ್ದರೂ ನಡೆಯುತ್ತದೆ. ಹಬ್ಬದ ವೇದಿಕೆಯಲ್ಲಿ ನಾಟಕದವರ ತಲೆಯ ಮೇಲೆ ಮೈಕ್ ಕಟ್ಟಿ, ಎದುರಿಗೆ ದೊಡ್ಡ ಸ್ಪೀಕರ್ ಇಟ್ಟರೆ ಅದೇ ಮೈಕ್ ಮೊದಲ ಅಂಕದಲ್ಲೇ ಕೂಗುತ್ತದೆ.

ಎರಡನೆಯ ಉಪಾಯ ದಿಕ್ಕಿನದು. ಎಲ್ಲ ಕಡೆಯಿಂದಲೂ ಒಂದೇ ಸಮ ಕೇಳುವ ಮೈಕುಗಳಿವೆ. ಮುಂದಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳುವ ಮೈಕುಗಳೂ ಇವೆ. ವೇದಿಕೆಗೆ ಬೇಕಾದದ್ದು ಎರಡನೆಯ ಜಾತಿ. 1939ರಲ್ಲಿ ಅಮೆರಿಕದ ಶೂರ್ ಕಂಪನಿಗಾಗಿ ಬೆಂಜಮಿನ್ ಬಾವರ್ ರೂಪಿಸಿದ ಯೂನಿಡೈನ್ ಮೈಕ್ ಒಂದೇ ಕ್ಯಾಪ್ಸೂಲಿನಿಂದ ಈ ಕೆಲಸ ಮಾಡಿತು. ಇಂದು ಹಾಡುವವರ ಕೈಯಲ್ಲಿ ಕಾಣುವ ಎಸ್‌ಎಂ 58 ಬಂದದ್ದು 1966ರಲ್ಲಿ, ಅದೇ ವಂಶದಿಂದ. ಇವುಗಳನ್ನು ಕಾರ್ಡಿಯಾಯ್ಡ್ ಎನ್ನುತ್ತಾರೆ. ಲೆಕ್ಕದಂತೆ ಇಂಥ ಮೈಕ್ ಪಕ್ಕದಿಂದ, ಅಂದರೆ 90 ಡಿಗ್ರಿಯಿಂದ ಬರುವ ಶಬ್ದವನ್ನು 6 ಡೆಸಿಬೆಲ್ ಕಡಿಮೆ ಕೇಳುತ್ತದೆ. ನೇರ ಬೆನ್ನಿನಿಂದ ಬಂದದ್ದನ್ನು ಬಹುಪಾಲು ಕೇಳುವುದೇ ಇಲ್ಲ. ಸೂಪರ್‌ಕಾರ್ಡಿಯಾಯ್ಡ್ ಎಂಬ ಇನ್ನೊಂದು ಬಗೆಗೆ ನೇರ ಬೆನ್ನಿನಲ್ಲಿ ಸ್ವಲ್ಪ ಕಿವಿ ಇರುತ್ತದೆ. ಅದು ಕಿವುಡಾಗುವುದು ಬೆನ್ನಿನ ಎರಡು ಓರೆಗಳಲ್ಲಿ, ಮೂತಿಯಿಂದ ಸುಮಾರು 126 ಡಿಗ್ರಿಯಲ್ಲಿ. ಹಾಡುವವರಿಗೆ ತಮ್ಮ ದನಿ ಕೇಳಲೆಂದು ಕಾಲ ಬಳಿ ಇಡುವ ಮಾನಿಟರ್ ಸ್ಪೀಕರ್, ಮೊದಲ ಬಗೆಯ ಮೈಕಿಗೆ ನೇರ ಬೆನ್ನಿಗೆ ಬರಬೇಕು. ಎರಡನೆಯದಕ್ಕೆ ಓರೆಗೆ ಬರಬೇಕು. ಕೈಯಲ್ಲಿರುವ ಮೈಕ್ ಯಾವ ಬಗೆಯದೆಂದು ನೋಡದೆ ಮಾನಿಟರ್ ಇಟ್ಟರೆ ಅದರ ತೆರೆದ ಕಿವಿಗೇ ಕೂಗಿದಂತಾಗುತ್ತದೆ.

ಇಲ್ಲಿ ಹಾಡುವವರೂ ಭಾಷಣಕಾರರೂ ಗಮನಿಸಬೇಕಾದ ಸಂಗತಿಯೊಂದಿದೆ. ಮೈಕಿನ ಜಾಲರಿ ತಲೆಯ ಹಿಂಭಾಗದಲ್ಲಿ ಸಣ್ಣ ತೂತುಗಳಿರುತ್ತವೆ. ಹಿಂದಿನ ಶಬ್ದ ಅವುಗಳ ಮೂಲಕ ಒಳಹೊಕ್ಕು, ಮುಂದಿನಿಂದ ಬಂದ ಅದೇ ಶಬ್ದವನ್ನು ಅಳಿಸಿಹಾಕುತ್ತದೆ. ಮೈಕ್ ದಿಕ್ಕು ತಿಳಿಯುವುದು ಹೀಗೆ. ಸಿನಿಮಾ ಗಾಯಕರ ಶೈಲಿಯಲ್ಲಿ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ತೂತುಗಳು ಮುಚ್ಚುತ್ತವೆ, ಮೈಕ್ ಎಲ್ಲ ಕಡೆಯಿಂದಲೂ ಕೇಳತೊಡಗುತ್ತದೆ, ಕೂಗುತ್ತದೆ. ಕೂಗಿದಾಗ ಗಾಬರಿಯಿಂದ ಅಂಗೈಯಲ್ಲಿ ಮೈಕ್ ಮುಚ್ಚುವುದೂ ಇದೇ ಕಾರಣಕ್ಕೆ ಕೂಗನ್ನು ಹೆಚ್ಚಿಸುತ್ತದೆ. ಹಿಡಿಯಬೇಕಾದದ್ದು ಹಿಡಿಯನ್ನು. ಕೂಗು ಎದ್ದರೆ ಮೈಕನ್ನು ಬಾಯಿಯ ಹತ್ತಿರವೇ ಉಳಿಸಿಕೊಂಡು ಸ್ಪೀಕರಿನಿಂದ ದೂರ ಸರಿಯಬೇಕು.

ಕನ್ನಡದ ಒಂದು ಕಲೆಗೆ, ಮಲೆ ಮಹದೇಶ್ವರ ಬೆಟ್ಟದ ಕಂಸಾಳೆಗೆ, ಈ ದಿಕ್ಕಿನ ಪಾಠ ತುಂಬ ಬೇಕಾಗಿದೆ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯದೇ ಆಗಿತ್ತು. ಮಲೆ ಮಹದೇಶ್ವರ ಬೆಟ್ಟ ಅದರೊಳಗೇ ಇತ್ತು. ರಾಜ್ಯಗಳ ಗಡಿ ಬದಲಾದರೂ ಮಾದಪ್ಪನ ಬೆಟ್ಟಕ್ಕೆ ತಮಿಳುನಾಡಿನ ಕಡೆಯಿಂದ ಬರುವ ಒಕ್ಕಲು ನಿಂತಿಲ್ಲ. ಆ ಬೆಟ್ಟದ ದೇವರಗುಡ್ಡರು ಹಾಡುವ ಮಹದೇಶ್ವರನ ಕಾವ್ಯ ರಾತ್ರಿಗಟ್ಟಲೆ ನಡೆಯುವ ಕಥೆ. ಮುಂದಾಳು ಹಾಡುತ್ತಾರೆ, ಹಿಮ್ಮೇಳ ಸೊಲ್ಲು ಎತ್ತುತ್ತದೆ, ಕೈಯಲ್ಲಿ ಕಂಸಾಳೆ. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ಚಪ್ಪಟೆ ತಾಳ. ಅದರ ನಾದ ಚೂಪು, ಬಲ ದೊಡ್ಡದು. ಬಯಲಿನಲ್ಲಿ ಮೈಕಿಲ್ಲದೆಯೂ ಕಂಸಾಳೆ ದೂರದವರೆಗೆ ಕೇಳುತ್ತದೆ. ಕಥೆಯ ಮಾತು ಕೇಳುವುದಿಲ್ಲ. ಮೈಕ್ ಬೇಕಾಗಿರುವುದು ಮಾತಿಗೆ. ನಮ್ಮ ಅನೇಕ ವೇದಿಕೆಗಳಲ್ಲಿ ಆಗುತ್ತಿರುವುದು ಇದಕ್ಕೆ ಉಲ್ಟಾ. ಕಲಾವಿದರ ಎದುರಿಗೆ ಎದೆಯ ಮಟ್ಟದಲ್ಲಿ ಎರಡು ಮೈಕ್ ನಿಲ್ಲಿಸಿ, ಕಂಸಾಳೆಯನ್ನು ಇನ್ನಷ್ಟು ದೊಡ್ಡದು ಮಾಡಿ, ಮಾತನ್ನು ಅದರಡಿ ಮುಚ್ಚಿಬಿಡುತ್ತೇವೆ.

ಸರಿಪಡಿಸಲು ಹೊಸ ಸಾಮಾನು ಬೇಡ. ಮೈಕನ್ನು ಬಾಯಿಯ ಮಟ್ಟದಲ್ಲಿ ಅಡ್ಡಕ್ಕೆ ಹಿಡಿಸಿದರೆ ಎದೆಯ ಬಳಿ ಬಡಿಯುವ ಕಂಸಾಳೆ ಅದರ ಪಕ್ಕಕ್ಕೆ, 90 ಡಿಗ್ರಿಗೆ ಬರುತ್ತದೆ. ಕಡಿತ 6 ಡೆಸಿಬೆಲ್ ಮಾತ್ರ. ಅದೇ ಮೈಕನ್ನು ಗಲ್ಲದ ಕೆಳಗಿನಿಂದ 45 ಡಿಗ್ರಿ ಮೇಲ್ಮುಖವಾಗಿ ಬಾಯಿಗೆ ತಿರುಗಿಸಿದರೆ ಕಂಸಾಳೆ 135 ಡಿಗ್ರಿಗೆ ಸರಿಯುತ್ತದೆ. ಕಾರ್ಡಿಯಾಯ್ಡ್ ಲೆಕ್ಕದಲ್ಲಿ ಕಡಿತ 16 ಡೆಸಿಬೆಲ್ ದಾಟುತ್ತದೆ. ಸೂಪರ್‌ಕಾರ್ಡಿಯಾಯ್ಡ್ ಆದರೆ ಕಂಸಾಳೆ ಅದರ ಕಿವುಡು ಜಾಗದ ಹತ್ತಿರವೇ ಬೀಳುತ್ತದೆ. ಕಾರ್ಡಿಯಾಯ್ಡ್ ಮೈಕಿನ ಬೆನ್ನು ಎದುರಿನ ನೆಲದ ಮಾನಿಟರ್ ಕಡೆಗೆ ತಿರುಗುವುದರಿಂದ ಕೂಗಿನ ಭಯವೂ ತಗ್ಗುತ್ತದೆ. ಸ್ಟ್ಯಾಂಡಿನ ತಿರುಪನ್ನು ಒಮ್ಮೆ ಸಡಿಲಿಸಿ ಬಿಗಿದರೆ ಮುಗಿಯುವ ಕೆಲಸ ಇದು. ಕಂಸಾಳೆ ಬೀಸುತ್ತ ಕುಣಿಯುವ ಮೇಳಕ್ಕಾದರೆ ತಲೆಗೆ ತೊಡುವ ಮೈಕ್ ಒಂದು ಸಾಕು. ಅದು ಮುಂದಾಳುವಿನ ಬಾಯಿಯ ಅಂಚಿನಲ್ಲಿರಲಿ. ಉಳಿದವರ ಸೊಲ್ಲು ತಾನೇ ಸೇರಿಕೊಳ್ಳುತ್ತದೆ.

ಈಗ ಕುಮ್ಮಿಯ ಬಯಲಿಗೆ ಬರೋಣ. ಸ್ಪೀಕರುಗಳು ನಾಲ್ಕು ಮೂಲೆಯಿಂದ ಒಳಗೆ ನೋಡುತ್ತಿದ್ದರೆ ಹಾಡುವವರು ಯಾವ ಕಡೆ ತಿರುಗಿದರೂ ಮೈಕಿನ ಮುಂದೆ ಒಂದಲ್ಲ ಒಂದು ಸ್ಪೀಕರ್ ಇರುತ್ತದೆ. ದಿಕ್ಕಿನ ಮೈಕಿಗೂ ಇಲ್ಲಿ ತಪ್ಪಿಸಿಕೊಳ್ಳಲು ದಿಕ್ಕಿಲ್ಲ. ಸ್ಪೀಕರುಗಳನ್ನು ನಡುವಿಗೆ ತಂದು, ಎತ್ತರದ ಕಂಬಕ್ಕೆ ಬೆನ್ನಿಗೆ ಬೆನ್ನು ಕೊಟ್ಟು ಏರಿಸಿ, ಬಾಯಿ ಹೊರಗೆ ಮಾಡಿ. ಹಾಡುವವರು ಆ ಕಂಬದ ಬುಡದಲ್ಲಿ ನಿಲ್ಲಲಿ. ಆಗ ಎಲ್ಲ ಸ್ಪೀಕರುಗಳ ಹಿಂದೆ, ಕೆಳಗೆ ಮೈಕ್ ಇರುತ್ತದೆ. ತಗ್ಗು ಸ್ವರಗಳು ಪೆಟ್ಟಿಗೆಯ ಹಿಂದಕ್ಕೂ ಹರಡುತ್ತವೆ ನಿಜ. ಮಾತಿಗೆ ಬೇಡವಾದ 100 ಹರ್ಟ್ಸಿನ ಕೆಳಗಿನದನ್ನು ಮಿಕ್ಸರಿನಲ್ಲಿ ಕತ್ತರಿಸಿದರೆ ಆ ಗುಂಗೂ ಇಳಿಯುತ್ತದೆ.

ಇದರಿಂದ ಹೆಜ್ಜೆಗೂ ಒಳ್ಳೆಯದು. ಮೂಲೆಯ ಸ್ಪೀಕರಿನಿಂದ 35 ಮೀಟರ್ ದೂರವಿರುವವರಿಗೆ ತಾಳ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಲುಪುತ್ತದೆ. ಪಕ್ಕದ ಸ್ಪೀಕರಿನ ತಾಳ ಆಗಲೇ ಬಂದಿರುತ್ತದೆ. ಎರಡು ತಾಳ ಕೇಳಿದ ಕಾಲು ತಡವರಿಸುತ್ತದೆ. ಸುತ್ತಿನ ನಡುವಿನಿಂದ ಶಬ್ದ ಹೊರಟರೆ ಒಂದು ಸುತ್ತಿನಲ್ಲಿ ನಿಂತವರೆಲ್ಲ ಅದಕ್ಕೆ ಒಂದೇ ದೂರ. ತಾಳ ಎಲ್ಲರಿಗೂ ಒಟ್ಟಿಗೇ ತಲುಪುತ್ತದೆ. ಸುತ್ತುಗಟ್ಟಿ ಆಡುವ ಕಲೆಗೆ ನಡುವಿನಿಂದ ಹೊಮ್ಮುವ ಶಬ್ದವೇ ಸಹಜ.

ಶಾಸ್ತ್ರೀಯ ಕಛೇರಿಯ ಕಷ್ಟ ಬೇರೆ. ಕೊಯಮತ್ತೂರಿನ ಆರ್.ಎಸ್. ಪುರಂನ ಭಾರತೀಯ ವಿದ್ಯಾಭವನದಲ್ಲಾಗಲಿ, ಅದೇ ಊರಿನ ರಾಮನಗರದ ಕೋದಂಡರಾಮ ದೇವಸ್ಥಾನದಲ್ಲಾಗಲಿ, ಬೆಂಗಳೂರು ಮೈಸೂರುಗಳ ರಾಮನವಮಿ ಪೆಂಡಾಲುಗಳಲ್ಲಾಗಲಿ ಕೂರುವ ಬಗೆ ಒಂದೇ: ನಡುವೆ ಗಾಯಕರು, ಒಂದು ಬದಿಗೆ ಪಿಟೀಲು, ಇನ್ನೊಂದು ಬದಿಗೆ ಮೃದಂಗ, ಜೊತೆಗೆ ಘಟವೋ ಖಂಜಿರವೋ, ಹಿಂದೆ ತಂಬೂರಿ. ಒಬ್ಬೊಬ್ಬರಿಗೂ ಮೈಕ್, ಮೃದಂಗಕ್ಕೆ ಎರಡು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗುವ ಮುನ್ನ ನಮಗೆ ಸಿಗುವ ಏರಿಕೆ 3 ಡೆಸಿಬೆಲ್ ಕುಗ್ಗುತ್ತದೆ. ಒಂದು ಮೈಕ್ ಎಂಟಾದರೆ 9 ಡೆಸಿಬೆಲ್ ನಷ್ಟ. ಇದರ ಮೇಲೆ ಕಲಾವಿದರೆಲ್ಲ ಬೆರಳು ಮೇಲೆತ್ತಿ ಮಾನಿಟರ್ ಹೆಚ್ಚಿಸಲು ಸನ್ನೆ ಮಾಡುತ್ತಾರೆ. ಒಬ್ಬರದು ಏರಿದರೆ ಇನ್ನೊಬ್ಬರಿಗೆ ತಮ್ಮದು ಕೇಳುವುದಿಲ್ಲ, ಅವರದೂ ಏರುತ್ತದೆ. ಮೂರನೆಯ ಕೃತಿಯ ಹೊತ್ತಿಗೆ ವೇದಿಕೆಯೇ ಸಭೆಗಿಂತ ಜೋರಾಗಿರುತ್ತದೆ. ಅಂಥಲ್ಲಿ ಬೇಕಾದದ್ದು ಇಳಿಸುವ ಧೈರ್ಯ. ಮೃದಂಗದ ಮಾನಿಟರ್ ಇಳಿಸಿದರೆ ಗಾಯಕರಿಗೆ ತಮ್ಮ ದನಿ ತಾನಾಗಿ ಕೇಳುತ್ತದೆ. ಹತ್ತಿರ ಹತ್ತಿರ ಕುಳಿತರೆ ಅರ್ಧ ಮಾನಿಟರ್ ಬೇಕಾಗುವುದೇ ಇಲ್ಲ. ತಾಳವಾದ್ಯಗಳ ಸರದಿಯಾದ ತನಿ ಆವರ್ತನ ಬರುವವರೆಗೆ ಖಂಜಿರದ ಮೈಕ್ ತಗ್ಗಿಯೇ ಇರಬಹುದು.

ಕೂಗನ್ನು ಯಂತ್ರದಿಂದಲೇ ತಡೆಯುವ ಜಾಣತನಗಳೂ ಬಂದಿವೆ. 1960ರ ದಶಕದಲ್ಲಿ ಬೆಲ್ ಲ್ಯಾಬ್ಸಿನ ಮ್ಯಾನ್‌ಫ್ರೆಡ್ ಶ್ರೋಡರ್ ಒಂದು ಉಪಾಯ ತೋರಿಸಿದರು: ಸ್ಪೀಕರಿಗೆ ಹೋಗುವ ಶಬ್ದವನ್ನೆಲ್ಲ 5 ಹರ್ಟ್ಸಿನಷ್ಟು ಜರುಗಿಸಿಬಿಟ್ಟರೆ, ಪ್ರತಿ ಸುತ್ತಿನಲ್ಲೂ ಸ್ವರ ಜಾಗ ಬದಲಿಸುವುದರಿಂದ ಒಂದೇ ಸ್ವರ ಬೆಳೆಯಲಾರದು. ಭಾಷಣಕ್ಕೆ ಇದು ಚೆನ್ನಾಗಿ ಒದಗುತ್ತದೆ. ನಮ್ಮ ಸಂಗೀತಕ್ಕೆ ಒಗ್ಗದು. ಒಂದೂವರೆ ಮನೆ ಶ್ರುತಿಯ ಷಡ್ಜ ಸುಮಾರು 139 ಹರ್ಟ್ಸ್. ಅದಕ್ಕೆ 5 ಸೇರಿದರೆ, ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರುವ ಅಂತರದಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಸವೆದಂತೆ. ಪಕ್ಕದಲ್ಲಿ ತಂಬೂರಿ ತನ್ನ ಜಾಗದಲ್ಲೇ ಮೀಟುತ್ತಿರುವಾಗ ಗಾಯಕರ ದನಿ ಅಪಶ್ರುತಿಯಾಗಿ ಹೊರಬೀಳುತ್ತದೆ.

ಎಲ್ಲ ಕಡೆ ಬಳಕೆಯಲ್ಲಿರುವುದು ಈಕ್ವಲೈಜರ್. ಶಬ್ದವನ್ನು 31 ಪಟ್ಟಿಗಳಾಗಿ ಒಡೆಯುವ ಗ್ರಾಫಿಕ್ ಈಕ್ವಲೈಜರಿನಲ್ಲಿ, ಕಾರ್ಯಕ್ರಮಕ್ಕೆ ಮೊದಲು ವಾಲ್ಯೂಮನ್ನು ನಿಧಾನವಾಗಿ ಏರಿಸಿ, ಯಾವ ಸ್ವರ ಮೊದಲು ಎದ್ದಿತೋ ಆ ಪಟ್ಟಿಯನ್ನು ಮೂರೋ ಆರೋ ಡೆಸಿಬೆಲ್ ಇಳಿಸುತ್ತಾರೆ. ಗುಂಯ್ ಎನ್ನುವ ಮೊರೆತ 250 ಹರ್ಟ್ಸಿನ ಆಸುಪಾಸಿನದು, ಕಿವಿ ಚುಚ್ಚುವ ಕೀರಲು 2,000ದಿಂದ 4,000ದ ನಡುವಿನದು. ಎರಡು ಮೂರು ಪಟ್ಟಿಯವರೆಗೆ ಇದು ನಿಜವಾದ ಉಪಕಾರ. ಏಳೆಂಟು ಪಟ್ಟಿ ಇಳಿಸಬೇಕಾಗಿ ಬಂದರೆ ಮೈಕನ್ನೋ ಸ್ಪೀಕರನ್ನೋ ತಪ್ಪು ಜಾಗದಲ್ಲಿಟ್ಟಿದ್ದೇವೆ ಎಂದೇ ತಿಳಿಯಬೇಕು. ಸಕಾರ, ಚಕಾರ, ತಕಾರಗಳ ಸ್ಪಷ್ಟತೆ ಇರುವುದೇ ಆ ಮೇಲಿನ ಪಟ್ಟಿಗಳಲ್ಲಿ. ಅವನ್ನು ಕಿತ್ತರೆ ಕೂಗು ನಿಲ್ಲುತ್ತದೆ, ಸಾಹಿತ್ಯವೂ ಮುಳುಗುತ್ತದೆ. ಕೂಗುವ ಅಂಚು ಸಿಕ್ಕಿದ ಮೇಲೆ ಅಲ್ಲಿಂದ 6 ಡೆಸಿಬೆಲ್ ಕೆಳಗೆ ನಿಲ್ಲುವುದು ಬಲ್ಲವರ ಪದ್ಧತಿ. ಅಂಚಿನಲ್ಲೇ ನಿಂತರೆ ಪ್ರತಿ ಮಾತಿಗೂ ಲೋಹದ ಬಾಲವೊಂದು ಅಂಟಿಕೊಳ್ಳುತ್ತದೆ.

ಜಾಗದ ಗುಣವನ್ನೂ ಓದಿಕೊಳ್ಳಬೇಕು. ಕಲ್ಯಾಣ ಮಂಟಪಗಳಲ್ಲಿ ನೆಲಕ್ಕೆ ಗ್ರಾನೈಟು, ಗೋಡೆಗೆ ಬಣ್ಣ ಬಿಟ್ಟರೆ ಇನ್ನೇನೂ ಇಲ್ಲ. ಸ್ಪೀಕರಿನ ಶಬ್ದ ಹಿಂದಿನ ಗೋಡೆಗೆ ಬಡಿದು ನೇರ ವೇದಿಕೆಗೆ ಮರಳುತ್ತದೆ. ಅಂಥಲ್ಲಿ ಸ್ಪೀಕರುಗಳು ಮೈಕಿಗಿಂತ ಮುಂದಿರಬೇಕು, ಎತ್ತರದಿಂದ ಜನರ ಮೇಲೆ ಬಾಗಿರಬೇಕು, ಬರಿಗೋಡೆಯ ಕಡೆ ನೋಡಬಾರದು. ಜನರ ಬಟ್ಟೆ, ಮೈ ಶಬ್ದವನ್ನು ಹೀರುವುದರಿಂದ ಖಾಲಿ ಮಂಟಪದಲ್ಲಿ ಮಾಡಿದ ಪರೀಕ್ಷೆಗೂ ತುಂಬಿದ ಸಭೆಗೂ ವ್ಯತ್ಯಾಸ ಬರುತ್ತದೆ; ಮೊದಲ ಹತ್ತು ನಿಮಿಷ ಮಿಕ್ಸರ್ ಬಿಟ್ಟು ಏಳಬಾರದು. ನಾದಸ್ವರ, ತವಿಲಿಗೆ ಮಂಟಪದೊಳಗೆ ಮೈಕೇ ಬೇಡ. ಬಯಲಿನಲ್ಲಾದರೆ ಗಾಳಿಯದೇ ಚಿಂತೆ. ಪಾಲಕ್ಕಾಡು ಕಣಿವೆಯ ಮೂಲಕ ಕೊಯಮತ್ತೂರಿಗೆ ನುಗ್ಗುವ ಮುಂಗಾರಿನ ಗಾಳಿ ಮೈಕಿನ ಮೇಲೆ ಬೀಸಿದರೆ ದೊಡ್ಡ ಗುಡುಗಾಗಿ ಕೇಳುತ್ತದೆ. ಜಾಲರಿಗೆ ಸ್ಪಂಜಿನ ಟೊಪ್ಪಿ, ಮಿಕ್ಸರಿನಲ್ಲಿ ತಗ್ಗು ಸ್ವರದ ಕಡಿತ, ಎರಡೂ ಇರಲಿ.

ಇಷ್ಟೆಲ್ಲ ಯಾಕೆ, ಇನ್ನೊಂದು ಜೊತೆ ಸ್ಪೀಕರ್ ತಂದರಾಯಿತು ಎನ್ನುವವರಿದ್ದಾರೆ. ಊರಿನಲ್ಲಿ ಮಲಗುವ ಮಕ್ಕಳಿದ್ದಾರೆ, ರೋಗಿಗಳಿದ್ದಾರೆ, ಪರೀಕ್ಷೆಗೆ ಓದುವವರಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಮೈಕ್ ಬಾಯಿಗೆ ಹತ್ತಿರವಿದ್ದು, ಸ್ಪೀಕರ್ ಕೇಳುಗರಿಗೆ ಹತ್ತಿರವಿದ್ದರೆ ಕಡಿಮೆ ಶಬ್ದದಲ್ಲೇ ಪ್ರತಿ ಅಕ್ಷರ ಕೇಳುತ್ತದೆ. ಜೋರು ಹೆಚ್ಚಿಸಿದ ಮಾತ್ರಕ್ಕೆ ಮಾತು ಸ್ಪಷ್ಟವಾಗುವುದಿಲ್ಲ.

ಮೈಕ್‌ಸೆಟ್‌ನವರನ್ನು ನಾವು ನಡೆಸಿಕೊಳ್ಳುವ ರೀತಿಯೂ ಬದಲಾಗಬೇಕು. ಶಾಮಿಯಾನ ಎದ್ದು, ಬ್ಯಾನರ್ ಕಟ್ಟಿ, ಗಣ್ಯರ ಕುರ್ಚಿ ಹಾಕಿದ ಮೇಲೆ ಉಳಿದ ಮೂಲೆಯಲ್ಲಿ ಅವರನ್ನು ಕೂರಿಸುತ್ತೇವೆ. ವೇದಿಕೆಯ ಬೆನ್ನಿಗೋ ಬದಿಗೋ, ಜನರಿಗೆ ಏನು ಕೇಳುತ್ತಿದೆಯೆಂದು ಅವರಿಗೇ ಕೇಳದ ಜಾಗದಲ್ಲಿ. ಕೂಗು ಎದ್ದಾಗ ಸಭೆಯೆಲ್ಲ ತಿರುಗಿ ಅವರನ್ನು ದುರುಗುಟ್ಟುತ್ತದೆ. ಹಬ್ಬದ ಸಮಿತಿಗಳಿಗೂ ಸಂಗೀತ ಸಭೆಗಳಿಗೂ ಶಾಲೆಗಳಿಗೂ ನನ್ನ ಕೋರಿಕೆ ಇದು. ವೇದಿಕೆಗೆ ಗುರುತು ಹಾಕುವ ದಿನವೇ ಅವರನ್ನು ಕರೆಯಿರಿ. ಸ್ಪೀಕರ್ ಎಲ್ಲಿ ಏರಬೇಕು, ಹಾಡುವವರು ಎಲ್ಲಿ ನಿಲ್ಲಬೇಕು ಎಂದು ಮೊದಲು ಅವರನ್ನು ಕೇಳಿ, ಆಮೇಲೆ ಬ್ಯಾನರ್ ಕಟ್ಟಿ. ಮಿಕ್ಸರನ್ನು ಜನರ ನಡುವೆ ಇಡಲು ನಾಲ್ಕು ಕುರ್ಚಿಯ ಜಾಗ ಬಿಟ್ಟುಕೊಡಿ. ಕಲಾವಿದರನ್ನು ಅರ್ಧ ಗಂಟೆ ಮೊದಲೇ ಕರೆಸಿ, ಒಂದು ಹಾಡು ಹಾಡಿಸಿ ನೋಡಿ. ದುಡ್ಡು ಖರ್ಚಾಗದ ಈ ನಾಲ್ಕು ಕೆಲಸ ಮಾಡಿದರೆ ಕಥೆಗಾರರ ಮಾತು ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೂ ತಲುಪುತ್ತದೆ.